ಆರ್‌ಟಿಎಕ್ಸ್ 5090: ಲಕ್ಷಣಪಟ್ಟಿಯ ಎಂಟು ಸಾಲುಗಳಿಗೆ ವ್ಯಾಖ್ಯಾನ

ಅವತರಣಿಕೆ

ಎನ್‌ವಿಡಿಯಾ ಕಂಪನಿಯು 2025ರ ಜನವರಿ 30ರಂದು ಮಾರಾಟಕ್ಕೆ ಬಿಟ್ಟ ಜೀಫೋರ್ಸ್ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡಿನ ಲಕ್ಷಣಪಟ್ಟಿಯೇ ಇಲ್ಲಿ ವ್ಯಾಖ್ಯೇಯ, ಎಂದರೆ ಬಿಡಿಸಿ ಹೇಳಬೇಕಾದ ಮೂಲ. ಲಕ್ಷಣಪಟ್ಟಿಯು ಸೂತ್ರದಂಥ ಬರಹ. ಅದರಲ್ಲಿ ಕ್ರಿಯಾಪದವಿಲ್ಲ, ವಾಕ್ಯವಿಲ್ಲ. ಹೆಸರೂ ಅಂಕೆಯೂ ಮಾತ್ರ ಉಂಟು. ಅಂಕೆ ದೊಡ್ಡದೆಂಬುದು ಓದಿದ ಕೂಡಲೇ ತಿಳಿಯುತ್ತದೆ. ಆ ದೊಡ್ಡತನ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟರಮಟ್ಟಿಗೆ ಒದಗೀತು ಎಂಬುದು ಬಿಡಿಸಿ ನೋಡದೆ ತಿಳಿಯದು. ಎರಡು ಲಕ್ಷ ರೂಪಾಯಿಗೆ ಮೇಲ್ಪಟ್ಟ ವಸ್ತುವನ್ನು ಅರ್ಥವಾಗದ ಅಂಕೆಯ ಬಲದಿಂದ ಕೊಳ್ಳುವುದೂ ಸಲ್ಲದು, ಅರ್ಥವಾಗದ ಅಂಜಿಕೆಯಿಂದ ಬಿಡುವುದೂ ಸಲ್ಲದು. ಆದಕಾರಣ ಸಾಲುಸಾಲಾಗಿ ವಿವರಣೆ.

ಮೂಲ

1. ಜೀಫೋರ್ಸ್ ಆರ್‌ಟಿಎಕ್ಸ್ 5090
2. ಕುಡಾ ಕೋರ್: 21,760
3. ಮೆಮೊರಿ: 32 ಜಿಬಿ ಜಿಡಿಡಿಆರ್7
4. ಬಸ್: 512 ಬಿಟ್, ಬ್ಯಾಂಡ್‌ವಿಡ್ತ್: ಸೆಕೆಂಡಿಗೆ 1,792 ಜಿಬಿ
5. ಡಿಎಲ್‌ಎಸ್‌ಎಸ್ 4, ಮಲ್ಟಿ ಫ್ರೇಮ್ ಜನರೇಶನ್
6. ಡಿಸ್‌ಪ್ಲೇಪೋರ್ಟ್ 2.1ಬಿ ಮೂರು, ಎಚ್‌ಡಿಎಂಐ 2.1ಬಿ ಒಂದು
7. ವಿದ್ಯುತ್: 575 ವ್ಯಾಟ್, ಪವರ್ ಸಪ್ಲೈ: 1,000 ವ್ಯಾಟ್, ಜೋಡಣೆ: 16 ಪಿನ್
8. ಬೆಲೆ: 1,999 ಡಾಲರ್, ಭಾರತದಲ್ಲಿ 2,14,000 ರೂಪಾಯಿ

ಈ ಮೂಲದ ವಿಷಯ ಕಾರ್ಡಿನ ಸಾಮರ್ಥ್ಯ. ಪ್ರಯೋಜನ, ಕೊಳ್ಳುವ ಅಥವಾ ಕೊಳ್ಳದಿರುವ ನಿಶ್ಚಯ. ಅಧಿಕಾರಿ, ಎಂದರೆ ಇದನ್ನು ಓದಿ ಫಲ ಪಡೆಯಲು ಅರ್ಹರಾದವರು, ತಮ್ಮ ಕೆಲಸ ಯಾವುದೆಂದು ಮೊದಲೇ ಅರಿತವರು. ಮೂಲದ ಯಾವ ಸಾಲಿನಲ್ಲೂ ಕೊಳ್ಳುವವರ ಕೆಲಸದ ಉಲ್ಲೇಖವಿಲ್ಲ. ಅದನ್ನು ಓದುವವರೇ ಪ್ರತಿ ಸಾಲಿನೊಡನೆ ಅಧ್ಯಾಹಾರ ಮಾಡಿಕೊಳ್ಳಬೇಕು, ಎಂದರೆ ಹೇಳದೆ ಬಿಟ್ಟದ್ದನ್ನು ತಾವೇ ತಂದು ಸೇರಿಸಿಕೊಳ್ಳಬೇಕು.

ವಿವರಣೆಗೆ ಎರಡು ಪರಿಭಾಷೆಗಳು ಸಾಕು: ಶಕ್ಯತೆ ಮತ್ತು ಶೀಘ್ರತೆ. ಈ ಕಾರ್ಡಿಲ್ಲದೆ ಆಗಲಾರದ ಕೆಲಸ ಇದರಿಂದ ಆಗುವಂತಾದರೆ ಅದು ಶಕ್ಯತೆ. ಕಡಿಮೆ ಬೆಲೆಯ ಕಾರ್ಡಿನಲ್ಲೂ ಆಗುವ ಕೆಲಸ ಇದರಲ್ಲಿ ಬೇಗ ಮುಗಿದರೆ ಅದು ಶೀಘ್ರತೆ. ಶಕ್ಯತೆಯಲ್ಲಿ ಉಂಟು ಅಥವಾ ಇಲ್ಲ ಎಂಬ ಎರಡೇ ಸ್ಥಿತಿ. ಶೀಘ್ರತೆಯಲ್ಲಿ ಹೆಚ್ಚು ಕಡಿಮೆಗಳ ಅನೇಕ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೂ ಒಂದೊಂದು ಬೆಲೆ. ಮೂಲದ ಪ್ರತಿ ಸಾಲೂ ಇವೆರಡರಲ್ಲಿ ಯಾವುದನ್ನು ಕೊಡುತ್ತದೆ ಎಂದು ವಿಂಗಡಿಸುವುದೇ ಈ ವ್ಯಾಖ್ಯಾನದ ಕ್ರಮ.

ಮೊದಲನೆಯ ಸಾಲು: ಜೀಫೋರ್ಸ್ ಆರ್‌ಟಿಎಕ್ಸ್ 5090

ಹೆಸರಿನಲ್ಲಿ ನಾಲ್ಕು ಅವಯವಗಳಿವೆ. ಜೀಫೋರ್ಸ್ ಎಂಬುದು ಕುಲನಾಮ. 1999ರ ಜೀಫೋರ್ಸ್ 256 ಎಂಬ ಕಾರ್ಡಿನಿಂದ ನಡೆದುಬಂದದ್ದು. ಆರ್‌ಟಿಎಕ್ಸ್ ಎಂಬುದು 2018ರಲ್ಲಿ ಸೇರಿದ ವಿಶೇಷಣ. ಬೆಳಕಿನ ಕಿರಣದ ಹಾದಿಯನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ಕ್ರಮಕ್ಕೆ, ಎಂದರೆ ರೇ ಟ್ರೇಸಿಂಗಿಗೆ, ಕಾರ್ಡಿನಲ್ಲಿ ಪ್ರತ್ಯೇಕ ಅಂಗವಿದೆ ಎಂಬುದರ ಸೂಚನೆ. 50 ಎಂಬುದು ಪೀಳಿಗೆ. ಡೇವಿಡ್ ಬ್ಲಾಕ್‌ವೆಲ್ ಎಂಬ ಗಣಿತಜ್ಞರ ಹೆಸರನ್ನು ಹೊತ್ತ ಬ್ಲಾಕ್‌ವೆಲ್ ವಿನ್ಯಾಸಕ್ಕೆ ಸಲ್ಲುವ ಅಂಕೆ. 90 ಎಂಬುದು ಪೀಳಿಗೆಯೊಳಗಿನ ಸ್ಥಾನ. ಅದರ ಕೆಳಗೆ 5080, 5070 ಟಿಐ, 5070 ಮೊದಲಾದವು ನಿಲ್ಲುತ್ತವೆ.

ಸ್ಥಾನಸೂಚಕವಾದ ಈ ಅಂಕೆಯನ್ನು ವಸ್ತುಸೂಚಕವೆಂದು ಭ್ರಮಿಸಬಾರದು. ಲ್ಯಾಪ್‌ಟಾಪಿನ ಮೇಲೂ ಆರ್‌ಟಿಎಕ್ಸ್ 5090 ಎಂದೇ ಬರೆದಿರುತ್ತದೆ. ಅದರೊಳಗಿರುವುದು ಬೇರೆ ಚಿಪ್: 10,496 ಕೋರ್, 24 ಜಿಬಿ ಮೆಮೊರಿ. ಮೇಜಿನ ಮೇಲಿನ ಕಂಪ್ಯೂಟರಿನ 5090ಕ್ಕೆ ಹೋಲಿಸಿದರೆ ಕೋರುಗಳು ಅರ್ಧಕ್ಕಿಂತ ಕಡಿಮೆ. ಇನ್ನೊಂದು ಭೇದವೂ ಗಮನಾರ್ಹ. ಚಿಪ್ ಎನ್‌ವಿಡಿಯಾದ್ದು, ಅದನ್ನು ಕೂರಿಸಿದ ಬೋರ್ಡು, ಫ್ಯಾನು, ಶಾಖ ಹೀರುವ ಲೋಹದ ಹೊದಿಕೆ ಇವು ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್ ಮುಂತಾದವರದೂ ಆಗಿರಬಹುದು. ಇವುಗಳ ನಡುವೆ ಬೆಲೆಯ ಅಂತರ ಹತ್ತಾರು ಸಾವಿರ. ವೇಗದ ಅಂತರ ಅತ್ಯಲ್ಪ. ಹೆಚ್ಚಿಗೆ ಕೊಟ್ಟ ಹಣ ಮುಖ್ಯವಾಗಿ ತಂಪಿಗೂ ಸದ್ದಡಗಿಸುವುದಕ್ಕೂ ಅಂದಕ್ಕೂ ಸಲ್ಲುತ್ತದೆ. ಹೀಗೆ ಮೊದಲನೆಯ ಸಾಲು ಶಕ್ಯತೆಯನ್ನೂ ಹೇಳದು, ಶೀಘ್ರತೆಯನ್ನೂ ಹೇಳದು; ಯಾವ ಪಟ್ಟಿಯನ್ನು ಓದಬೇಕೆಂಬುದನ್ನಷ್ಟೇ ಗೊತ್ತುಪಡಿಸುತ್ತದೆ.

ಎರಡನೆಯ ಸಾಲು: ಕುಡಾ ಕೋರ್ 21,760

ಕೋರ್ ಎಂದರೆ ಗುಣಾಕಾರ ಸಂಕಲನಗಳನ್ನು ಮಾಡುವ ಚಿಕ್ಕ ಗಣಕಘಟಕ. ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿ ಇಂಥವು ಎಂಟೋ ಹದಿನಾರೋ ಇರುತ್ತವೆ; ಒಂದೊಂದೂ ಬಹುಕಾರ್ಯಕುಶಲ. ಇಲ್ಲಿಯವು ಅಷ್ಟು ಕುಶಲವಲ್ಲ, ಆದರೆ ಸಾವಿರಾರು ಒಟ್ಟಿಗೆ ದುಡಿಯುತ್ತವೆ. 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ನೆಟ್ಟಗೆ 2,160 ಚುಕ್ಕೆಗಳು, ಒಟ್ಟು 82,94,400. ಆಟವೊಂದು ಸೆಕೆಂಡಿಗೆ 120 ಚಿತ್ರ ತೋರಬೇಕಾದರೆ ಈ ಎಂಬತ್ತೆರಡು ಲಕ್ಷಕ್ಕೆ ಮೇಲ್ಪಟ್ಟ ಚುಕ್ಕೆಗಳ ಬಣ್ಣವನ್ನು ಸುಮಾರು 8.3 ಮಿಲಿಸೆಕೆಂಡಿನಲ್ಲಿ ನಿರ್ಧರಿಸಬೇಕು. ಒಂದು ಚುಕ್ಕೆಯ ಲೆಕ್ಕ ಬಹುಮಟ್ಟಿಗೆ ಇನ್ನೊಂದನ್ನು ಕಾಯುವುದಿಲ್ಲವಾದ್ದರಿಂದ ಸಾವಿರಾರು ಕೋರುಗಳು ಅದನ್ನು ಹಂಚಿಕೊಳ್ಳಬಲ್ಲವು.

ಕುಡಾ ಎಂಬುದು ಈ ಕೋರುಗಳನ್ನು ಚಿತ್ರೇತರ ಲೆಕ್ಕಗಳಿಗೂ ದುಡಿಸಲು ಎನ್‌ವಿಡಿಯಾ 2007ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ವ್ಯವಸ್ಥೆ. ವಿಜ್ಞಾನದ ಗಣನೆ, ಕೃತಕ ಬುದ್ಧಿಮತ್ತೆ, ಅನಿಮೇಶನ್ ರೆಂಡರಿಂಗ್ ಇವುಗಳ ಅನೇಕ ತಂತ್ರಾಂಶಗಳು ಇದನ್ನೇ ನಂಬಿ ಬೆಳೆದಿವೆ. ಅಂಥ ತಂತ್ರಾಂಶ ಬಳಸುವವರಿಗೆ ಎನ್‌ವಿಡಿಯಾ ಕಾರ್ಡು ಬೇಕೆಂಬುದು ಶಕ್ಯತೆಯ ಮಾತು. ಆದರೆ ಆ ಶಕ್ಯತೆ 5070ರಲ್ಲೂ ಇದೆ. ಅದಕ್ಕಾಗಿ 5090ರವರೆಗೆ ಏರಬೇಕಾಗಿಲ್ಲ.

21,760 ಎಂಬ ಅಂಕೆ ಎಲ್ಲಿಂದ ಬಂತೆಂಬುದನ್ನೂ ಬಿಡಿಸಬೇಕು. ಈ ಕಾರ್ಡಿನ ಚಿಪ್ಪಿಗೆ ಜಿಬಿ202 ಎಂದು ಹೆಸರು. ತೈವಾನಿನ ಟಿಎಸ್‌ಎಂಸಿ ಕಂಪನಿ ಇದನ್ನು ತಯಾರಿಸುತ್ತದೆ. ವಿಸ್ತೀರ್ಣ 750 ಚದರ ಮಿಲಿಮೀಟರ್; ಅದರಲ್ಲಿ 9,220 ಕೋಟಿ ಟ್ರಾನ್ಸಿಸ್ಟರುಗಳು. ಪೂರ್ಣ ಚಿಪ್ಪಿನಲ್ಲಿ 128 ಕೋರುಗಳ 192 ಗುಂಪುಗಳಿವೆ. ಮಾರಾಟದ ಕಾರ್ಡಿನಲ್ಲಿ ಚಾಲೂ ಇರುವುದು 170 ಗುಂಪು. ಇಷ್ಟು ದೊಡ್ಡ ಚಿಪ್ಪನ್ನು ಒಂದೂ ಕೊರತೆಯಿಲ್ಲದೆ ತಯಾರಿಸುವುದು ಕಷ್ಟ. ಕೆಲವು ಗುಂಪುಗಳನ್ನು ಮುಚ್ಚಿಬಿಟ್ಟರೆ ಅಲ್ಪದೋಷದ ಚಿಪ್ಪೂ ಉಪಯೋಗಕ್ಕೆ ಬರುತ್ತದೆ. ಚಿಪ್ ದೊಡ್ಡದಾದಷ್ಟೂ ಒಂದು ತಟ್ಟೆ ಸಿಲಿಕಾನಿನಿಂದ ದೊರಕುವ ಚಿಪ್ಪುಗಳ ಸಂಖ್ಯೆ ಇಳಿಯುತ್ತದೆ, ದೋಷದ ಸಂಭವ ಏರುತ್ತದೆ. ಎಂಟನೆಯ ಸಾಲಿನ ಬೆಲೆಗೆ ಒಂದು ಬೇರು ಇಲ್ಲಿದೆ.

ಇಲ್ಲಿ ಪೂರ್ವಪಕ್ಷ, ಎಂದರೆ ಎದುರಾಡುವವರ ವಾದ, ಹೀಗೆ ಏಳುತ್ತದೆ: 5080ರಲ್ಲಿ ಕೋರು 10,752, 5090ರಲ್ಲಿ ಅದರ ಇಮ್ಮಡಿ, ಬೆಲೆಯೂ ಇಮ್ಮಡಿ, ಆದ್ದರಿಂದ ಫಲವೂ ಇಮ್ಮಡಿ, ವ್ಯಾಪಾರ ನ್ಯಾಯವಾದದ್ದು. ಸಮಾಧಾನ: ಕಾರಣ ಇಮ್ಮಡಿಯಾದ ಮಾತ್ರಕ್ಕೆ ಕಾರ್ಯ ಇಮ್ಮಡಿಯಾಗಬೇಕೆಂಬ ನಿಯಮವಿಲ್ಲ. 4ಕೆ ಆಟಗಳಲ್ಲಿ 5090 ಸಾಮಾನ್ಯವಾಗಿ 5080ರ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರತಿ ಚಿತ್ರದಲ್ಲೂ ಮುಖ್ಯ ಪ್ರೊಸೆಸರು ಮಾಡಬೇಕಾದ ಭಾಗ ಒಂದಿರುತ್ತದೆ. ಅದು ಕಾರ್ಡಿನ ಕೋರು ಹೆಚ್ಚಿದರೆ ಕಡಿಮೆಯಾಗದು. ಎಲ್ಲ ಕೋರುಗಳಿಗೂ ಎಲ್ಲ ಹೊತ್ತೂ ಕೆಲಸ ಒದಗುವುದೂ ಇಲ್ಲ. ಪರದೆ ಚಿಕ್ಕದಾದಷ್ಟೂ ಈ ಅಂತರ ಇನ್ನೂ ಕುಗ್ಗುತ್ತದೆ. 1,920 ಬೈ 1,080ರ ಪರದೆಯಲ್ಲಿ ಚುಕ್ಕೆಗಳು 20,73,600 ಮಾತ್ರ, 4ಕೆಯ ಕಾಲುಭಾಗ. ಅಲ್ಲಿ ದೊಡ್ಡ ಕಾರ್ಡು ಪ್ರೊಸೆಸರಿನ ದಾರಿ ಕಾಯುತ್ತ ನಿಲ್ಲುತ್ತದೆ. ಬ್ಲೆಂಡರ್ ಎಂಬ ಅನಿಮೇಶನ್ ತಂತ್ರಾಂಶದ ಸೈಕಲ್ಸ್‌ನಂಥ ರೆಂಡರಿಂಗಿನಲ್ಲಾದರೋ ಕೆಲಸದ ಬಹುಪಾಲು ಕಾರ್ಡಿನದೇ ಆದ್ದರಿಂದ ಕೋರುಗಳ ಹೆಚ್ಚಳ ಆಟಕ್ಕಿಂತ ಚೆನ್ನಾಗಿ ಫಲಿಸುತ್ತದೆ. ಎರಡೂ ಕಡೆ ಫಲ ಶೀಘ್ರತೆಯೇ. ಇಂದು ರಾತ್ರಿ ಮುಗಿಯುವುದು ಸಂಜೆಗೆ ಮುಗಿದೀತು. ಮುಗಿಯಲಾರದ್ದು ಈ ಸಾಲಿನಿಂದ ಮುಗಿಯುವಂತಾಗದು.

ಮೂರನೆಯ ಸಾಲು: ಮೆಮೊರಿ 32 ಜಿಬಿ ಜಿಡಿಡಿಆರ್7

ಮೂಲದ ಹೃದಯಸ್ಥಾನ ಈ ಸಾಲು. ಮೆಮೊರಿ ಎಂದರೆ ಇಲ್ಲಿ ಕಾರ್ಡಿನ ಮೇಲೆಯೇ ಕೂತ ನೆನಪಿನ ಚಿಪ್ಪುಗಳು, ವಿರ್ಯಾಮ್ ಎಂದು ಬಳಕೆಯ ಹೆಸರು. ಕೋರುಗಳು ಲೆಕ್ಕ ಹಾಕಬೇಕಾದ ಸಾಮಗ್ರಿಯೆಲ್ಲ ಇಲ್ಲಿರಬೇಕು: ಆಟದ ದೃಶ್ಯಗಳ ಮೇಲ್ಮೈ ಚಿತ್ರಗಳು, ಅನಿಮೇಶನ್ ದೃಶ್ಯದ ಆಕೃತಿಗಳು, ಭಾಷಾಮಾದರಿಯ ತೂಕಗಳು, ಎಂದರೆ ಕಲಿಕೆಯಿಂದ ಅದರಲ್ಲಿ ನೆಲೆಗೊಂಡ ಸಂಖ್ಯೆಗಳು. ಜಿಡಿಡಿಆರ್7 ಎಂಬುದು ಈ ಚಿಪ್ಪುಗಳ ಜಾತಿ. ಹಿಂದಿನ 4090ರಲ್ಲಿದ್ದ ಜಿಡಿಡಿಆರ್6ಎಕ್ಸ್‌ಗಿಂತ ವೇಗದ್ದು. ಆ ಕಾರ್ಡಿನಲ್ಲಿ 24 ಜಿಬಿ ಇತ್ತು. ಈ ಪೀಳಿಗೆಯಲ್ಲಿ 5080ಕ್ಕೂ 5070 ಟಿಐಗೂ 16, 5070ಕ್ಕೆ 12.

ಸಾಮಗ್ರಿ ಹಿಡಿಯದಿದ್ದರೆ ಏನಾಗುತ್ತದೆ ಎಂಬುದನ್ನು ನೋಡದೆ ಈ ಅಂಕೆಯ ಅರ್ಥ ತೆರೆಯದು. ಹಿಡಿಯದ ಭಾಗ ಕಂಪ್ಯೂಟರಿನ ಸಾಮಾನ್ಯ ರ್ಯಾಮ್‌ನಲ್ಲಿ ಉಳಿದು, ಬೇಕಾದಾಗಲೆಲ್ಲ ಪಿಸಿಐ ಎಕ್ಸ್‌ಪ್ರೆಸ್ ಎಂಬ ಕಾಲುವೆಯಿಂದ ಬರಬೇಕು. 5ನೆಯ ಪೀಳಿಗೆಯ ಆ ಕಾಲುವೆಯ ಗತಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 64 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯದು ನಾಲ್ಕನೆಯ ಸಾಲು ಹೇಳುವಂತೆ 1,792. ಇಪ್ಪತ್ತೆಂಟು ಪಟ್ಟು ಅಂತರ. ಹೀಗಾಗಿ ಮೆಮೊರಿ ಮೀರಿದ ಕೆಲಸ ಒಂದೋ ಕುಂಟುತ್ತದೆ, ಇಲ್ಲವೇ ಮೆಮೊರಿ ಸಾಲದೆಂದು ನಿಂತೇಬಿಡುತ್ತದೆ. ಕೋರು ಕಡಿಮೆಯಾದರೆ ತಡವಾಗುವುದು ಕ್ರಮಕ್ರಮವಾಗಿ. ಮೆಮೊರಿ ಕಡಿಮೆಯಾದರೆ ಒಮ್ಮೆಗೇ ಗೋಡೆ ಅಡ್ಡಬರುತ್ತದೆ. ಶಕ್ಯತೆ ಎಂಬ ಪರಿಭಾಷೆ ಮುಖ್ಯಾರ್ಥದಲ್ಲಿ ಸಲ್ಲುವುದು ಈ ಸಾಲಿಗೆ.

ಭಾಷಾಮಾದರಿಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಮಾದರಿಯ ಒಂದೊಂದು ತೂಕವನ್ನು 4 ಬಿಟ್ಟಿಗೆ ಕುಗ್ಗಿಸಿ ಇಟ್ಟರೆ ತೂಕವೊಂದಕ್ಕೆ ಅರ್ಧ ಬೈಟ್ ಬೇಕು. 3,200 ಕೋಟಿ ತೂಕಗಳ ಮಾದರಿಗೆ 16 ಜಿಬಿ. ಸಂಭಾಷಣೆಯ ನೆನಪಿಗೆ ಇನ್ನಷ್ಟು. 16 ಜಿಬಿ ಕಾರ್ಡಿನಲ್ಲಿ ಇದು ಹಿಡಿಯದು. 32 ಜಿಬಿಯಲ್ಲಿ ಧಾರಾಳವಾಗಿ ಹಿಡಿಯುತ್ತದೆ. 7,000 ಕೋಟಿ ತೂಕಗಳ ಮಾದರಿಗೆ ಅದೇ ಕ್ರಮದಲ್ಲಿ 35 ಜಿಬಿ, 32ರಲ್ಲೂ ಹಿಡಿಯದು. ಆದ್ದರಿಂದ ಮೊದಲನೆಯ ಮಾದರಿಯನ್ನು ಮನೆಯಲ್ಲೇ ನಡೆಸಬೇಕಾದವರಿಗೆ 5090 ಗೋಡೆಯನ್ನು ತೆಗೆಯುತ್ತದೆ; ಎರಡನೆಯದು ಬೇಕಾದವರಿಗೆ ಎರಡು ಲಕ್ಷ ತೆತ್ತ ಮೇಲೂ ಗೋಡೆ ಇದ್ದಲ್ಲೇ ಇರುತ್ತದೆ. ದುಬಾರಿ ಎಂಬ ಒಂದೇ ಕಾರಣಕ್ಕೆ ವಸ್ತು ಸಾಕಷ್ಟಾಗುವುದಿಲ್ಲ ಎಂಬುದು ಇದರಿಂದ ಸಿದ್ಧ.

ಇಲ್ಲೊಂದು ಶಂಕೆ: 16 ಜಿಬಿಯ ಎರಡು ಕಾರ್ಡು ಕೂಡಿಸಿದರೆ 32 ಆಗದೇ? ಪರಿಹಾರ: ಕೆಲಸವನ್ನು ನೋಡಿ ಉತ್ತರ. ಭಾಷಾಮಾದರಿಯ ಪದರಗಳನ್ನು ಎರಡು ಕಾರ್ಡುಗಳಿಗೆ ಹಂಚುವ ತಂತ್ರಾಂಶಗಳಿವೆ. ಅಲ್ಲಿ ಕೂಡಿಕೆ ನಡೆಯುತ್ತದೆ. ರೆಂಡರಿಂಗಿನಲ್ಲಿ ಸಾಮಾನ್ಯವಾಗಿ ಪ್ರತಿ ಕಾರ್ಡೂ ಇಡೀ ದೃಶ್ಯದ ಪ್ರತಿಯನ್ನು ಇಟ್ಟುಕೊಳ್ಳಬೇಕು; ಅಲ್ಲಿ ಹದಿನಾರಕ್ಕೆ ಹದಿನಾರು ಸೇರಿದರೂ ದೃಶ್ಯಕ್ಕೆ ದೊರಕುವುದು ಹದಿನಾರೇ. ಕಾರ್ಡುಗಳ ಮೆಮೊರಿಯನ್ನು ಬೆಸೆಯುತ್ತಿದ್ದ ಎನ್‌ವಿಲಿಂಕ್ ಎಂಬ ಜೋಡಣೆ 3090ರಲ್ಲಿ ಇತ್ತು. 4090ರಲ್ಲೂ 5090ರಲ್ಲೂ ಇಲ್ಲ.

ಆಟವಾಡುವವರ ವಿಷಯ ಬೇರೆ. 4ಕೆ ಪರದೆಯಲ್ಲೂ ಈಗಿನ ಬಹುತೇಕ ಆಟಗಳಿಗೆ 16 ಜಿಬಿ ಸಾಕಾಗುತ್ತದೆ. ಉಳಿದ 16 ಜಿಬಿ ಅವರಿಗೆ ಮುಂದೆಂದೋ ಒದಗಬಹುದಾದ ದಾಸ್ತಾನು. ಮುಂದಿನ ಅನುಮಾನಿತ ಪ್ರಯೋಜನಕ್ಕೆ ಇಂದಿನ ಖಚಿತ ಹಣವನ್ನು ಕೊಡುವುದು ದುರ್ಬಲವಾದ ಕಾರಣ.

ನಾಲ್ಕನೆಯ ಸಾಲು: ಬಸ್ 512 ಬಿಟ್, ಬ್ಯಾಂಡ್‌ವಿಡ್ತ್ 1,792 ಜಿಬಿ

ಕಣಜ ಎಷ್ಟು ದೊಡ್ಡದಾದರೂ ಕಾಳು ಹೊರಬರುವುದು ಅದರ ಬಾಯಿಯ ಅಗಲದಷ್ಟೇ. ಹಿಂದಿನ ಸಾಲು ಕಣಜದ ಗಾತ್ರ ಹೇಳಿತು. ಈ ಸಾಲು ಬಾಯಿಯ ಅಗಲ ಹೇಳುತ್ತದೆ. ಬಸ್ ಎಂದರೆ ಚಿಪ್ಪಿಗೂ ಮೆಮೊರಿಗೂ ನಡುವಿನ ತಂತಿಗಳ ಸಾಲು, ಇಲ್ಲಿ 512. ಒಂದೊಂದು ತಂತಿಯಲ್ಲಿ ಸೆಕೆಂಡಿಗೆ 2,800 ಕೋಟಿ ಬಿಟ್ಟುಗಳು ಹರಿಯುತ್ತವೆ, ಬಳಕೆಯ ಮಾತಿನಲ್ಲಿ 28 ಗಿಗಾಬಿಟ್. 512ನ್ನು 28ರಿಂದ ಗುಣಿಸಿ, ಬೈಟಿಗೆ ಎಂಟು ಬಿಟ್ಟೆಂದು ಭಾಗಿಸಿದರೆ 1,792. ಎರಡು ಅಂಕೆಗಳು ಒಂದೇ ಸಾಲಿನಲ್ಲಿ ಸೇರಿರುವ ಸಂಬಂಧ ಇದು. 5080ರಲ್ಲಿ ಬಸ್ 256 ಬಿಟ್, ಗತಿ 960 ಜಿಬಿ.

ಭಾಷಾಮಾದರಿ ಒಂದೊಂದು ಪದಖಂಡವನ್ನು ಹೊರಡಿಸುವಾಗಲೂ ತನ್ನ ತೂಕಗಳನ್ನೆಲ್ಲ ಒಮ್ಮೆ ಓದಬೇಕಾಗುತ್ತದೆ. 16 ಜಿಬಿಯ ಮಾದರಿಯನ್ನು ಸೆಕೆಂಡಿಗೆ 1,792 ಜಿಬಿ ಗತಿಯಲ್ಲಿ ಓದಿದರೆ ಗರಿಷ್ಠ 112 ಸಲ ಓದಬಹುದು. ಸೆಕೆಂಡಿಗೆ 112 ಪದಖಂಡ ಎಂಬುದು ಮೇಲ್ಮಿತಿ, ವ್ಯವಹಾರದಲ್ಲಿ ಅದಕ್ಕಿಂತ ಕಡಿಮೆ. ಕೋರುಗಳ ಸಂಖ್ಯೆಗಿಂತ ಈ ಸಾಲೇ ಅಲ್ಲಿ ನಿರ್ಣಾಯಕ. ಮೆಮೊರಿಯಲ್ಲಿ ಹಿಡಿಯುವುದು ಶಕ್ಯತೆ, ಹಿಡಿದದ್ದು ಬೇಗ ಹರಿಯುವುದು ಶೀಘ್ರತೆ. ಮೂರನೆಯ ನಾಲ್ಕನೆಯ ಸಾಲುಗಳನ್ನು ಕೂಡಿಸಿಯೇ ಓದತಕ್ಕದ್ದು.

ಐದನೆಯ ಸಾಲು: ಡಿಎಲ್‌ಎಸ್‌ಎಸ್ 4, ಮಲ್ಟಿ ಫ್ರೇಮ್ ಜನರೇಶನ್

ಡಿಎಲ್‌ಎಸ್‌ಎಸ್ ಎಂಬುದು ಕಡಿಮೆ ಚುಕ್ಕೆಗಳಲ್ಲಿ ಚಿತ್ರ ಬಿಡಿಸಿ, ಕಲಿತ ಮಾದರಿಯೊಂದರಿಂದ ಅದನ್ನು ಹಿಗ್ಗಿಸಿ, ಪೂರ್ಣ ಗಾತ್ರಕ್ಕೆ ತರುವ ವಿಧಾನ. ಮಲ್ಟಿ ಫ್ರೇಮ್ ಜನರೇಶನ್ ಎಂದರೆ ನಿಜವಾಗಿ ಲೆಕ್ಕಹಾಕಿದ ಎರಡು ಚಿತ್ರಗಳ ನಡುವೆ ಗರಿಷ್ಠ ಮೂರು ಚಿತ್ರಗಳನ್ನು ಊಹೆಯಿಂದ ತುಂಬುವುದು. ಇದರಿಂದ ಪರದೆಯ ಮೇಲಿನ ಚಲನೆ ನಯವಾಗುತ್ತದೆ. ಆದರೆ ನಡುವಿನ ಚಿತ್ರವನ್ನು ಊಹಿಸಲು ಮುಂದಿನ ನಿಜಚಿತ್ರ ಮೊದಲು ಸಿದ್ಧವಾಗಬೇಕು. ಆದ್ದರಿಂದ ಕೀಲಿ ಒತ್ತಿದ್ದಕ್ಕೂ ಪರದೆ ಪ್ರತಿಕ್ರಿಯಿಸುವುದಕ್ಕೂ ನಡುವಿನ ವಿಳಂಬ ಇದರಿಂದ ಇಳಿಯದು, ತುಸು ಏರುತ್ತದೆ. ಸೆಕೆಂಡಿಗೆ 30 ನಿಜಚಿತ್ರಗಳನ್ನು 120 ಮಾಡಿ ತೋರಿಸಿದರೆ ಕಣ್ಣಿಗೆ 120 ಕಾಣುತ್ತದೆ, ಕೈಗೆ 30ರ ಜಡತೆಯೇ ತಾಗುತ್ತದೆ.

2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಮೇಳದಲ್ಲಿ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 549 ಡಾಲರಿನ 5070 ಕಾರ್ಡು ಹಿಂದಿನ 4090ರ ಸಾಧನೆ ತೋರುತ್ತದೆ ಎಂದು ಸಾರಿದರು. ಊಹಿಸಿ ತುಂಬಿದ ಚಿತ್ರಗಳನ್ನೂ ಎಣಿಕೆಗೆ ತೆಗೆದುಕೊಂಡಾಗ ಮಾತ್ರ ಆ ಮಾತು ನಿಲ್ಲುತ್ತದೆ. ಅದರಿಂದಲೇ ಇನ್ನೊಂದು ಅರ್ಥವೂ ಹೊರಡುತ್ತದೆ: ಈ ಸೌಲಭ್ಯ 5070ರಲ್ಲೂ ಇದೆ. ಡಿಎಲ್‌ಎಸ್‌ಎಸ್ 4ರ ಸುಧಾರಿತ ಹಿಗ್ಗಿಸುವ ಮಾದರಿಯಂತೂ ಹಳೆಯ ಆರ್‌ಟಿಎಕ್ಸ್ ಕಾರ್ಡುಗಳಿಗೂ ದೊರಕಿದೆ. ಪೀಳಿಗೆಗೆಲ್ಲ ಸಾಧಾರಣವಾದ ಗುಣ ಶಿಖರದ ಕಾರ್ಡಿಗೆ ವಿಶೇಷವೆನಿಸದು. ಆದ್ದರಿಂದ 5090ನ್ನು ಕೊಳ್ಳಲು ಐದನೆಯ ಸಾಲು ಹೇತುವಲ್ಲ. ಕಡಿಮೆ ಬೆಲೆಯ ಕಾರ್ಡನ್ನು ಕೊಳ್ಳಲು ಅದು ಹೇತುವಾದೀತು.

ಆರನೆಯ ಸಾಲು: ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ

ಇವು ಮಾನಿಟರಿಗೆ ಕೇಬಲ್ ಜೋಡಿಸುವ ದ್ವಾರಗಳು. ಸೆಕೆಂಡಿಗೆ 240 ಸಲ ಬದಲಾಗುವ 4ಕೆ ಪರದೆಯನ್ನೂ ಇವು ನಡೆಸಬಲ್ಲವು. ಸಾಲಿನ ಅರ್ಥ ಅಲ್ಪ, ಧ್ವನಿ ದೊಡ್ಡದು: ಕಾರ್ಡು ಹೊರಡಿಸಿದ್ದನ್ನು ತೋರುವ ಪರದೆ ಮನೆಯಲ್ಲಿ ಉಂಟೇ? ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವ 1,080 ಸಾಲಿನ ಮಾನಿಟರಿನ ಮುಂದೆ ಕಾರ್ಡಿನ ಶ್ರಮದ ಬಹುಪಾಲು ಕಾಣಿಸಿಕೊಳ್ಳುವುದೇ ಇಲ್ಲ. ಆಟವಾಡುವವರು ಕಾರ್ಡಿನ ಬೆಲೆಗೆ ಮಾನಿಟರಿನ ಬೆಲೆಯನ್ನೂ ಕೂಡಿಸಿ ಓದತಕ್ಕದ್ದು.

ಏಳನೆಯ ಸಾಲು: 575 ವ್ಯಾಟ್, 1,000 ವ್ಯಾಟ್, 16 ಪಿನ್

575 ವ್ಯಾಟ್ ಎಂಬುದು ಕಾರ್ಡೊಂದೇ ಪೂರ್ಣಭಾರದಲ್ಲಿ ಸೆಳೆಯುವ ವಿದ್ಯುತ್ತಿನ ಮಿತಿ. 1,000 ವ್ಯಾಟ್ ಎಂಬುದು ಪ್ರೊಸೆಸರು ಮುಂತಾದವನ್ನೂ ಕೂಡಿಸಿ ಇಡೀ ಕಂಪ್ಯೂಟರಿಗೆ ಬೇಕಾದ ಪವರ್ ಸಪ್ಲೈ. ಈಗಿರುವುದು 650 ವ್ಯಾಟಿನದಾದರೆ ಅದನ್ನು ಬದಲಿಸಬೇಕು. ಆ ಖರ್ಚು ಎಂಟನೆಯ ಸಾಲಿನಲ್ಲಿ ಬರೆದಿಲ್ಲ. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಈ ಭಾರವನ್ನು ಹೊರಲಾರದು. ಕರೆಂಟು ಹೋದಾಗ ಗಂಟೆಗಟ್ಟಲೆ ನಡೆದ ರೆಂಡರ್ ಕಳೆಯಬಾರದೆನ್ನುವವರು ದೊಡ್ಡ ಯುಪಿಎಸ್ಸಿನ ಬೆಲೆಯನ್ನೂ ಎಣಿಸಬೇಕು.

ಸೆಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೆ ಸೇರುತ್ತದೆ. ಪೂರ್ಣಭಾರದಲ್ಲಿ ದಿನಕ್ಕೆ ನಾಲ್ಕು ಗಂಟೆ ಎಂದರೆ 2.3 ಯೂನಿಟ್, ತಿಂಗಳಿಗೆ 69 ಯೂನಿಟ್, ಕಾರ್ಡೊಂದಕ್ಕೇ. ಕರ್ನಾಟಕದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮೇಲ್ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ 150 ಯೂನಿಟ್ ಬಳಸುವ ಮನೆ ಈ 69ರಿಂದ ಮಿತಿಯಾಚೆ ಹೋಗುತ್ತದೆ. ಬೇಸಿಗೆಯ ರಾಯಚೂರು ಕಲಬುರಗಿಗಳಲ್ಲಿ ಆ ಶಾಖವನ್ನು ಹೊರಹಾಕುವ ಖರ್ಚೂ ಸೇರುತ್ತದೆ. ಕಂಪನಿ ಗೊತ್ತುಪಡಿಸಿದ ಮಿತಿಗಿಂತ ಕೆಳಗೆ ಕಾರ್ಡನ್ನು ನಡೆಸುವ ಉಪಾಯವೂ ಉಂಟು. ವಿದ್ಯುತ್ತನ್ನು ತಕ್ಕಮಟ್ಟಿಗೆ ಇಳಿಸಿದರೂ ವೇಗ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

16 ಪಿನ್ ಎಂಬ ಜೋಡಣೆಯನ್ನು ಜಾಗರೂಕತೆಯಿಂದ ಓದಬೇಕು. 575 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 48 ಆಂಪಿಯರ್. ಅದು ಆರು ತಂತಿಗಳಲ್ಲಿ ಹಂಚಿ ಹರಿಯುತ್ತದೆ, ತಂತಿಗೆ ಎಂಟು. ಪಿನ್ನು ತಾಳುವ ಮಿತಿ ಒಂಬತ್ತು ಆಂಪಿಯರ್ ಚಿಲ್ಲರೆ. ಅಂತರ ಕಿರಿದು, ಸರಿಯಾಗಿ ಕೂರದ ಪ್ಲಗ್ಗಿನಲ್ಲಿ ಹರಿವು ಕೆಲವೇ ತಂತಿಗಳಿಗೆ ಸೇರಿದರೆ ಅವು ಕಾಯುತ್ತವೆ. 2022ರಲ್ಲಿ 4090 ಬಂದಾಗ ಈ ಬಗೆಯ ಪ್ಲಗ್ಗುಗಳು ಕರಗಿದ ವರದಿಗಳು ಬಂದವು. ಬಳಿಕ ಸೂಚಕ ಪಿನ್ನುಗಳನ್ನು ಗಿಡ್ಡ ಮಾಡಿ ಜೋಡಣೆಯನ್ನು ತಿದ್ದಲಾಯಿತು. ಪ್ಲಗ್ಗನ್ನು ಕೊನೆಮುಟ್ಟ ಒತ್ತಿ ಕೂರಿಸುವುದೂ, ಪ್ಲಗ್ಗಿನ ಬುಡದಲ್ಲೇ ತಂತಿಯನ್ನು ಬಗ್ಗಿಸದಿರುವುದೂ ಈ ಸಾಲು ಹೇಳದೆ ವಿಧಿಸುವ ನಿಯಮಗಳು.

ಎಂಟನೆಯ ಸಾಲು: 1,999 ಡಾಲರ್, 2,14,000 ರೂಪಾಯಿ

ಇದು ಕಂಪನಿ ಸಾರಿದ ಆರಂಭದ ಬೆಲೆ. ಅಂಗಡಿಯಲ್ಲಿ ಕೇಳುವ ಬೆಲೆ ಇದಲ್ಲ. ಬಿಡುಗಡೆಯಾದಾಗ ದಾಸ್ತಾನು ಕಡಿಮೆಯಿದ್ದು ಬೇಡಿಕೆ ಹೆಚ್ಚಿದ್ದುದರಿಂದ ಮಾರುಕಟ್ಟೆಯ ಬೆಲೆ ಇದಕ್ಕಿಂತ ಮೇಲೇರಿತು. ಕೃತಕ ಬುದ್ಧಿಮತ್ತೆಯ ಕೆಲಸದವರೂ ಇದೇ ಕಾರ್ಡನ್ನು ಬಯಸುವುದು ಅದಕ್ಕೊಂದು ಕಾರಣ. ಮೂರನೆಯ ಸಾಲಿನ 32 ಜಿಬಿ ಆಟದವರಿಗಿಂತ ಅವರಿಗೆ ಹೆಚ್ಚು ಬೇಕಾದದ್ದು. ಹೀಗೆ ಆಟವಾಡುವವರು ತಮಗೆ ಬೇಡದ ಗುಣಕ್ಕೆ ಬಂದ ಬೇಡಿಕೆಯ ಭಾರವನ್ನೂ ಹೊರುತ್ತಾರೆ. 2017ರಲ್ಲಿ ಜಿಟಿಎಕ್ಸ್ 1080 ಟಿಐ 699 ಡಾಲರಿಗೂ, 2020ರಲ್ಲಿ 3090 ಕಾರ್ಡು 1,499ಕ್ಕೂ, 2022ರಲ್ಲಿ 4090 ಕಾರ್ಡು 1,599ಕ್ಕೂ ಬಂದವು. ಪೀಳಿಗೆ ಕಾದರೆ ಶಿಖರ ಅಗ್ಗವಾದೀತೆಂಬ ಆಸೆಗೆ ಈ ಸಾಲು ಆಧಾರ ಕೊಡುವುದಿಲ್ಲ. ಆದರೆ ಇಂದಿನ ಶಿಖರದ ಶೀಘ್ರತೆ ಮುಂದಿನ ಪೀಳಿಗೆಗಳಲ್ಲಿ ಕೆಳಗಿನ ಮೆಟ್ಟಿಲಿಗೆ ಇಳಿದು ಬರುವುದುಂಟು. ಮೆಮೊರಿ ಹಾಗೆ ಬೇಗ ಇಳಿದು ಬಂದಿಲ್ಲ.

ಬೆಲೆಯನ್ನು ಕಾಲದಿಂದ ಭಾಗಿಸಿ ಓದಬೇಕು. 2,14,000ವನ್ನು ಮೂರು ವರ್ಷದ 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 5,944 ರೂಪಾಯಿ. 1,07,000ದ 5080ಕ್ಕೆ 2,972. ಮಾರುವಾಗ ಮರಳಿ ಬರುವ ಹಣ ಇದನ್ನು ತುಸು ಕುಗ್ಗಿಸೀತು. ಅಂತೂ ಪ್ರಶ್ನೆ ಕಣ್ಣೆದುರಿಗೆ ಬರುತ್ತದೆ: ಒಂದೂವರೆ ಪಟ್ಟಿನ ಶೀಘ್ರತೆ ತಿಂಗಳಿಗೆ ಮೂರು ಸಾವಿರದಷ್ಟು ದುಡಿಮೆಯನ್ನೋ ಆನಂದವನ್ನೋ ತಂದೀತೇ? ಅನಿಮೇಶನ್ನಿನಿಂದ ಜೀವನ ನಡೆಸುವವರಿಗೆ ಉಳಿದ ಗಂಟೆಗಳೇ ಉತ್ತರ ಹೇಳುತ್ತವೆ. ಜಿಎಸ್‌ಟಿ ನೋಂದಣಿಯಿದ್ದು ಕಾರ್ಡು ವ್ಯವಹಾರಕ್ಕೇ ಸಂದರೆ ಬಿಲ್ಲಿನಲ್ಲಿ ಅಡಗಿದ ಶೇ 18ರ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯುವ ದಾರಿಯೂ ಅವರಿಗಿದೆ. ವರ್ಷಕ್ಕೆ ನಾಲ್ಕಾರು ವಾರ ಮಾತ್ರ ದೊಡ್ಡ ಗಣನೆ ಬೇಕಾದವರಿಗೆ ಗಂಟೆಯ ಬಾಡಿಗೆಗೆ ದೊರಕುವ ಕ್ಲೌಡ್ ಯಂತ್ರಗಳುಂಟು. ಸದಾ ನಡೆಯದ ಕೆಲಸಕ್ಕೆ ಸದಾ ಇರುವ ಯಂತ್ರ ಬೇಡ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಹೊರದೇಶದಿಂದ ತರಿಸಿದರೂ ವಾರಂಟಿ ಭಾರತದಲ್ಲಿ ಸಲ್ಲುವುದೇ, ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ಸಂಖ್ಯೆ ಇದೆಯೇ ಎಂಬೆರಡನ್ನು ನೋಡದೆ ಹಣ ಕೊಡತಕ್ಕದ್ದಲ್ಲ.

ತಾತ್ಪರ್ಯ

ಎಂಟು ಸಾಲುಗಳನ್ನು ಕೂಡಿಸಿದಾಗ ಹೊರಡುವ ನಿರ್ಣಯ ಹೀಗೆ. ಎರಡನೆಯದು ಶೀಘ್ರತೆಯನ್ನು ಕೊಡುತ್ತದೆ. ಮೂರನೆಯದು ಶಕ್ಯತೆಯನ್ನು ಕೊಡುತ್ತದೆ. ನಾಲ್ಕನೆಯದು ಶಕ್ಯವಾದದ್ದನ್ನು ಶೀಘ್ರಗೊಳಿಸುತ್ತದೆ. ಐದನೆಯದು ಎಲ್ಲರಿಗೂ ಸಾಧಾರಣ. ಆರು ಮತ್ತು ಏಳು ಕಾರ್ಡಿನ ಹೊರಗಿನ ಸಿದ್ಧತೆಯನ್ನು ಬೇಡುತ್ತವೆ. ಎಂಟನೆಯದು ಇವೆಲ್ಲಕ್ಕೂ ತೆರಬೇಕಾದ್ದನ್ನು ಹೇಳುತ್ತದೆ. ಆದರೆ ಆರು ಏಳರ ಖರ್ಚನ್ನು ತನ್ನೊಳಗೆ ಸೇರಿಸಿಕೊಂಡಿಲ್ಲ.

ಈಗಿನ ಕೆಲಸ 16 ಜಿಬಿಯ ಗೋಡೆಗೆ ಬಡಿದು ನಿಂತಿದ್ದು, 32ರೊಳಗೆ ಹಿಡಿಯುವುದೆಂದು ಲೆಕ್ಕದಿಂದ ಖಚಿತವಾಗಿದ್ದರೆ ಕೊಳ್ಳುವುದು ಯುಕ್ತ; ಅಲ್ಲಿ ತೆತ್ತ ಹಣಕ್ಕೆ ಬದಲಾಗಿ ಇಲ್ಲದಿದ್ದ ಸಾಮರ್ಥ್ಯ ಕೈಗೆ ಬರುತ್ತದೆ. ಗೋಡೆ 32ರಾಚೆಗೂ ಹಬ್ಬಿದ್ದರೆ ಕೊಳ್ಳುವುದು ಅಯುಕ್ತ. ಬಾಡಿಗೆಯ ಯಂತ್ರವೇ ಗತಿ. ಗೋಡೆಯಿಲ್ಲದೆ ವಿಳಂಬ ಮಾತ್ರ ಇದ್ದರೆ, ವಿಳಂಬದಿಂದ ನಿತ್ಯ ನಷ್ಟವಾಗುವ ವೃತ್ತಿಯವರಿಗೆ ಯುಕ್ತವಾದೀತು. ಉಳಿದವರಿಗೆ 5080 ಅಥವಾ 5070 ಟಿಐ ಸಾಕು. 4ಕೆ ಪರದೆ, ತಕ್ಕ ಪ್ರೊಸೆಸರು, 1,000 ವ್ಯಾಟಿನ ಸಪ್ಲೈ ಎಲ್ಲವೂ ಇದ್ದು, ಸಾಲವಿಲ್ಲದೆ ಹಣವೂ ಇದ್ದು, ಆಟದ ಸೊಗಸನ್ನು ಅದರ ತುತ್ತತುದಿಯಲ್ಲಿ ಅನುಭವಿಸಬೇಕೆಂಬ ಪ್ರೀತಿಯಿದ್ದರೆ ಅದನ್ನು ಅಲ್ಲಗಳೆಯಬೇಕಾಗಿಲ್ಲ. ಪ್ರೀತಿಯೂ ಒಂದು ಪ್ರಯೋಜನವೇ, ಅದನ್ನು ಅವಶ್ಯಕತೆ ಎಂದು ಕರೆದುಕೊಳ್ಳದಿದ್ದರಾಯಿತು. ಸಾಲ ಮಾಡಿ, ಕಂತು ಕಟ್ಟಿ, ಮನೆಯ ಇತರ ಅಗತ್ಯಗಳನ್ನು ಹಿಂದಕ್ಕೆ ತಳ್ಳಿ ಶೀಘ್ರತೆಯನ್ನು ಕೊಳ್ಳುವುದು ಮಾತ್ರ ಯಾವ ಸಾಲಿನಿಂದಲೂ ಸಮರ್ಥನೆಗೆ ನಿಲ್ಲದು.

ಆದ್ದರಿಂದ ಕೊಳ್ಳುವ ಮೊದಲಿನ ಕರ್ತವ್ಯ ಒಂದೇ. ಈಗಿರುವ ಕಂಪ್ಯೂಟರಿನಲ್ಲಿ ನಿತ್ಯದ ಕೆಲಸವನ್ನು ನಡೆಸುತ್ತ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟು, ಗ್ರಾಫಿಕ್ಸ್ ಮೆಮೊರಿ ತುಂಬುತ್ತಿದೆಯೇ, ಕಾರ್ಡು ಪೂರ್ಣವಾಗಿ ದುಡಿಯುತ್ತಿದೆಯೇ, ಅಥವಾ ಪ್ರೊಸೆಸರು ದುಡಿಯುತ್ತ ಕಾರ್ಡು ಸುಮ್ಮನಿದೆಯೇ ಎಂದು ಒಂದು ವಾರ ಬರೆದಿಡಬೇಕು. ಮೆಮೊರಿ ತುಂಬಿದರೆ ಮೂರನೆಯ ಸಾಲನ್ನೂ, ಕಾರ್ಡು ದುಡಿದು ದಣಿದಿದ್ದರೆ ಎರಡನೆಯದನ್ನೂ ಓದಬೇಕು. ಪ್ರೊಸೆಸರಿನದೇ ಕೊರತೆಯಾದರೆ ಈ ಮೂಲವನ್ನು ಓದುವ ಅಗತ್ಯವೇ ಇಲ್ಲ. ಅಲ್ಲಿ ಬೇಕಾದದ್ದು ಬೇರೆ ವಸ್ತು, ಅದರ ಬೆಲೆಯೂ ಇದಕ್ಕಿಂತ ಬಹಳ ಕಡಿಮೆ.